ಕ್ಯಾತಸಂದ್ರದ ಮನೆಯಲ್ಲಿ 100 ಎಂಬಿಪಿಎಸ್ ಫೈಬರ್: ಹಲವು ವರ್ಷಗಳ ಬಳಕೆಯ ನಂತರ

ತುಮಕೂರಿನ ಕ್ಯಾತಸಂದ್ರದಲ್ಲಿರುವ ನಮ್ಮ ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಸಂಪರ್ಕವನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಲೈನ್ ಸರಿಯಾಗಿದ್ದಾಗ ದೂರುವಂಥದ್ದು ಏನೂ ಇಲ್ಲ. ಮಕ್ಕಳ ತರಗತಿ, ಕಚೇರಿಯ ವಿಡಿಯೊ ಸಭೆ, ಟಿವಿ ಎಲ್ಲವೂ ಒಟ್ಟಿಗೇ ನಡೆದರೂ ತಡವರಿಕೆ ಇರುವುದಿಲ್ಲ. ಆದರೆ ಕಳೆದ ಮಳೆಗಾಲದ ನಂತರ ವೇಗ ಕುಸಿದಾಗ ಸಹಾಯವಾಣಿಯವರು ಕೊಟ್ಟ ಮೊದಲ ಸಲಹೆ, ಹೆಚ್ಚಿನ ಬೆಲೆಯ ಪ್ಲಾನಿಗೆ ಬದಲಾಯಿಸಿಕೊಳ್ಳಿ ಎಂಬುದು. ತೊಂದರೆ ಎಲ್ಲಿದೆ ಎಂದು ನೋಡದೆಯೇ ಹಣ ಕೇಳುವುದು ಸರಿಯಲ್ಲ.

ವೈ-ಫೈ ಮೂಲಕ ಮಾಡಿದ ಸ್ಪೀಡ್ ಟೆಸ್ಟ್ ಲೈನಿನ ವೇಗವನ್ನಷ್ಟೇ ಹೇಳುವುದಿಲ್ಲ. ಗೋಡೆ, ದೂರ, ನೆರೆಮನೆಯ ರೌಟರ್ ಎಲ್ಲವನ್ನೂ ಸೇರಿಸಿ ಹೇಳುತ್ತದೆ. ಹಾಗಾಗಿ ಉಳಿದ ಸಾಧನಗಳನ್ನೆಲ್ಲ ಆಫ್ ಮಾಡಿ, ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನಿಂದ ನೇರವಾಗಿ ಮೋಡೆಮಿಗೆ ಜೋಡಿಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಳೆದೆ. ರಾತ್ರಿ ಮಾತ್ರ ಕುಸಿದಿದ್ದರೆ ಬಡಾವಣೆಯ ದಟ್ಟಣೆ ಎನ್ನಬಹುದಿತ್ತು, ಏಕೆಂದರೆ ಮನೆಗಳಿಗೆ ಫೈಬರ್ ಹಂಚುವ ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಒಂದೇ ಎಳೆಯಿಂದ ಕವಲೊಡೆದ ಹಲವು ಮನೆಗಳು, ಸಾಮಾನ್ಯವಾಗಿ 32 ಅಥವಾ 64, ಸುಮಾರು 2.5 ಜಿಬಿಪಿಎಸ್ ಸಾಮರ್ಥ್ಯವನ್ನು ಹಂಚಿಕೊಳ್ಳುತ್ತವೆ. ನಮ್ಮಲ್ಲಿ ಯಾವ ಹೊತ್ತಿನಲ್ಲೂ ವೇಗ ಪ್ಲಾನಿನ ಹತ್ತಿರಕ್ಕೆ ಬರಲಿಲ್ಲ. ಡೇಟಾ ಮಿತಿಯೂ ಮುಗಿದಿರಲಿಲ್ಲ. (ಡೌನ್‌ಲೋಡ್ ಕಿಟಕಿಯಲ್ಲಿ ಸೆಕೆಂಡಿಗೆ 12 ಎಂಬಿ ಕಂಡರೆ ಅದು ದೋಷವಲ್ಲ. ಪ್ಲಾನಿನ ಲೆಕ್ಕ ಬಿಟ್‌ಗಳಲ್ಲಿ, ಅಲ್ಲಿನ ಲೆಕ್ಕ ಎಂಟು ಬಿಟ್‌ಗೆ ಒಂದರಂತೆ ಬೈಟ್‌ಗಳಲ್ಲಿರುವುದರಿಂದ 100 ಎಂಬಿಪಿಎಸ್ ಲೈನಿನ ಗರಿಷ್ಠವೇ 12.5.)

ಉತ್ತರ ಸಿಕ್ಕಿದ್ದು ಮೋಡೆಮಿನ ಸೆಟ್ಟಿಂಗ್ಸ್ ಪುಟದಲ್ಲಿ. ಅಲ್ಲಿ ಆರ್‌ಎಕ್ಸ್ ಪವರ್ ಎಂಬ ಅಂಕಿ ಇರುತ್ತದೆ. ಫೈಬರಿನೊಳಗಿಂದ ಮನೆಗೆ ತಲುಪುವ ಬೆಳಕಿನ ಬಲ ಅದು. ಸಂಪರ್ಕ ಕೊಟ್ಟ ದಿನ ತಂತ್ರಜ್ಞರು -19 ಡಿಬಿಎಂ (ಬೆಳಕಿನ ಬಲದ ಅಳತೆ, ಸೊನ್ನೆಯಿಂದ ಕೆಳಕ್ಕೆ ಇಳಿದಷ್ಟೂ ಬೆಳಕು ಕ್ಷೀಣ) ಎಂದು ಮೋಡೆಮಿನ ತಳದಲ್ಲಿ ಬರೆದಿಟ್ಟಿದ್ದರು. ಈಗ ಅದು -28 ಆಗಿತ್ತು. ಪ್ರತಿ 3 ಡಿಬಿ ಇಳಿಕೆಗೆ ಬೆಳಕು ಅರ್ಧವಾಗುತ್ತದೆ. ಅಂದರೆ ಮೊದಲಿನ ಎಂಟನೇ ಒಂದು ಭಾಗ ಮಾತ್ರ ಉಳಿದಿತ್ತು. ಮನೆಗಳಿಗೆ ಕೊಡುವ ಬಹಳಷ್ಟು ಮೋಡೆಮ್‌ಗಳಿಗೆ -27ರ ಆಸುಪಾಸೇ ಕೊನೆಯ ಮಿತಿ. ಅದನ್ನು ದಾಟಿದರೆ ದತ್ತಾಂಶದಲ್ಲಿ ದೋಷಗಳು ಹೆಚ್ಚಿ, ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಬೇಕಾಗಿ ವೇಗ ಬೀಳುತ್ತದೆ. ಎಲ್‌ಒಎಸ್ ಎಂಬ ಕೆಂಪು ದೀಪ ಸಾಮಾನ್ಯವಾಗಿ ಹತ್ತುವುದು ಬೆಳಕು ಕಡಿದುಹೋದಾಗ ಅಥವಾ ತೀರಾ ಕ್ಷೀಣಿಸಿದಾಗಲಾದ್ದರಿಂದ, ಇಂಥ ಅರೆಜೀವದ ಲೈನಿನಲ್ಲಿ ಹಸಿರು ದೀಪಗಳೇ ಉರಿಯುತ್ತಿರಬಹುದು, ಸಹಾಯವಾಣಿಯವರೂ ಎಲ್ಲ ಸರಿಯಿದೆ ಎಂದೇ ಹೇಳಬಹುದು.

ಸಿದ್ಧಗಂಗೆಯ ಬೆಟ್ಟದ ಕಡೆಯಿಂದ ಬರುವ ಕೋತಿಗಳು ನಮ್ಮ ಬೀದಿಯ ಕೇಬಲ್‌ಗಳ ಮೇಲೆಯೇ ಓಡಾಡುತ್ತವೆ. ಜೋತುಬಿದ್ದ ನಮ್ಮ ಕೇಬಲ್, ಕಂಬಕ್ಕೆ ಬಿಗಿದಿದ್ದ ಜಾಗದಲ್ಲಿ ಮಡಚಿಕೊಂಡಿತ್ತು. ಫೈಬರ್ ಹಾಗೆ ಬಾಗಿದರೆ ಬೆಳಕು ಅಲ್ಲಿಯೇ ಹೊರಗೆ ಸೋರಿಹೋಗುತ್ತದೆ. ಆರ್‌ಎಕ್ಸ್ ಪವರ್ ಅಂಕಿಯ ಫೋಟೊವನ್ನು ದೂರಿನ ಜೊತೆ ಕಳಿಸಿದ ಮೇಲೆ ಬಂದ ತಂತ್ರಜ್ಞರು ಹಾಳಾದ ತುಂಡನ್ನು ಕತ್ತರಿಸಿ, ಯಂತ್ರದಲ್ಲಿ ಬೆಸೆದು ಜೋಡಿಸಿದರು. ಅಂಕಿ -20ಕ್ಕೆ ಮರಳಿತು, ವೇಗವೂ ಮರಳಿತು. ಅವರ ಕೆಲಸ ಅಚ್ಚುಕಟ್ಟಾಗಿತ್ತು ಎಂದು ಇಲ್ಲಿ ಹೇಳಲೇಬೇಕು.

ಮಹಡಿಯ ಕೋಣೆಯ ನಿಧಾನಗತಿ ಬೇರೆಯೇ ವಿಷಯ, ಅದು ಕಂಪನಿಯ ತಪ್ಪಲ್ಲ. 5 ಗಿಗಾಹರ್ಟ್ಸ್ ವೈ-ಫೈ ಕಾಂಕ್ರೀಟ್ ತಾರಸಿಯನ್ನು ದಾಟುವಾಗ ಬಹಳ ಸೊರಗುತ್ತದೆ, 2.4 ಗಿಗಾಹರ್ಟ್ಸ್‌ಗೆ ಬಂದರೆ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ ಆದ್ದರಿಂದ ನೆರೆಮನೆಗಳ ರೌಟರ್‌ಗಳ ಅಡಚಣೆ ಇರುತ್ತದೆ. ಮೇಲಕ್ಕೆ ಲ್ಯಾನ್ ಕೇಬಲ್ ಎಳೆದು ಎರಡನೇ ರೌಟರ್ ಇಟ್ಟಿದ್ದರಿಂದ ಅದು ಪರಿಹಾರವಾಯಿತು.

ಲೈನಿಗೆ ಮತ್ತು ತಂತ್ರಜ್ಞರಿಗೆ ನನ್ನಿಂದ ಒಳ್ಳೆಯ ಅಂಕ, ಸಹಾಯವಾಣಿಗೆ ಇಲ್ಲ. ದೂರು ಕೊಡುವವರು ಡಾಕೆಟ್ ಸಂಖ್ಯೆಯನ್ನು (ದೂರಿನ ನೋಂದಣಿ ಸಂಖ್ಯೆ) ಕೇಳಿ ಪಡೆಯಲೇಬೇಕು, ಏಕೆಂದರೆ ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅದು ಬೇಕಾಗುತ್ತದೆ. ಅದೇ 100 ಎಂಬಿಪಿಎಸ್ ಪ್ಲಾನಿನಲ್ಲಿ ಮುಂದುವರಿದಿದ್ದೇನೆ. ಆದರೆ ಕಂಬದ ಬಳಿ ಕೇಬಲಿಗೆ ಸರಿಯಾದ ಕ್ಲಾಂಪ್ ಹಾಕುವವರೆಗೆ ವರ್ಷದ ಹಣವನ್ನು ಮುಂಗಡವಾಗಿ ಕಟ್ಟುವುದಿಲ್ಲ, ತಿಂಗಳಿಂದ ತಿಂಗಳಿಗೆ ಕಟ್ಟುತ್ತೇನೆ ಎಂದು ಕಂಪನಿಗೆ ಬರೆದು ತಿಳಿಸಿದ್ದೇನೆ.