ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಎನ್‌ಕ್ಲೋಷರ್: ಮೂರನ್ನೂ ಬಳಸಿ ನೋಡಿದ ಮೇಲೆ

ಡೇಟಾ ಇಡುವುದಕ್ಕೆ ಒಂದು ಡ್ರೈವ್, ಅದರ ಮೇಲೆ ಕೆಲಸ ಮಾಡುವುದಕ್ಕೆ ಇನ್ನೊಂದು ಎಂದು ಮೊದಲೇ ಬೇರೆ ಮಾಡಿಕೊಂಡರೆ ಪೋರ್ಟಬಲ್ ಡ್ರೈವ್ ಆರಿಸುವ ತಲೆನೋವು ಅರ್ಧ ಕಳೆದಂತೆ. ನಾನು ಬಳಸಿ ನೋಡಿದ್ದು ಮೂರು ಬಗೆ: ಯುಎಸ್‌ಬಿಯಿಂದಲೇ ಕರೆಂಟ್ ಎಳೆದುಕೊಳ್ಳುವ 2.5 ಇಂಚಿನ ಹಾರ್ಡ್ ಡಿಸ್ಕ್, ರೆಡಿಮೇಡ್ ಪೋರ್ಟಬಲ್ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಡ್ರೈವ್), ಮತ್ತು ಖಾಲಿ ಎನ್‌ಕ್ಲೋಷರ್, ಅಂದರೆ ಡ್ರೈವಿನ ಹೊರಕವಚ, ತಂದು ಒಳಗೆ ನಾನೇ ಕೂರಿಸಿದ ಡ್ರೈವ್. ಮೂರಕ್ಕೂ ಒಂದೇ ಲ್ಯಾಪ್‌ಟಾಪಿನಿಂದ ಅವೇ ಫೋಲ್ಡರುಗಳನ್ನು ಕಾಪಿ ಮಾಡಿದೆ.

ಮೊದಲು ಹಾರ್ಡ್ ಡಿಸ್ಕ್. ದೊಡ್ಡ ವಿಡಿಯೊ ಫೈಲುಗಳನ್ನು ಹಾಕಿದಾಗ ಸೆಕೆಂಡಿಗೆ ಸುಮಾರು 120 ಎಂಬಿ ವೇಗ ಸಿಕ್ಕಿತು. ಆ ಲೆಕ್ಕದಲ್ಲಿ 1 ಟಿಬಿ ತುಂಬಲು ಎರಡು ಗಂಟೆಗೂ ಹೆಚ್ಚು ಬೇಕು. ಡಿಸ್ಕ್ ತುಂಬುತ್ತಾ ಬಂದಂತೆ ಬರಹ ತಟ್ಟೆಯ ಒಳಸುತ್ತಿಗೆ ಸರಿಯುತ್ತದೆ, ಅಲ್ಲಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಾವಿರಾರು ಸಣ್ಣ ಫೋಟೊಗಳ ಫೋಲ್ಡರ್ ಹಾಕಿದರಂತೂ ಇನ್ನೂ ನಿಧಾನ. ಇದು ಯಾವ ಕಂಪನಿಯ ದೋಷವೂ ಅಲ್ಲ; ತಿರುಗುವ ತಟ್ಟೆ, ಅದರ ಮೇಲೆ ಓಡಾಡುತ್ತಾ ಓದಿ ಬರೆಯುವ ಹೆಡ್ ಇರುವ ಯಂತ್ರದ ಸ್ವಭಾವವೇ ಅದು.

ಆದರೆ ಒಂದು ಸಂಗತಿ ಡಬ್ಬಿಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಈಗಿನ ಹೆಚ್ಚಿನ 2.5 ಇಂಚಿನ ಡಿಸ್ಕುಗಳಲ್ಲಿ ಎಸ್‌ಎಂಆರ್ ಎಂಬ ವಿಧಾನವಿದೆ. ಮಾಡಿನ ಮೇಲೆ ಒಂದು ಹೆಂಚು ಇನ್ನೊಂದರ ಅಂಚನ್ನು ಮುಚ್ಚಿಕೊಂಡು ಕೂರುವಂತೆ ಇಲ್ಲಿ ಟ್ರ್ಯಾಕುಗಳು, ಅಂದರೆ ತಟ್ಟೆಯ ಮೇಲೆ ಡೇಟಾ ಬರೆಯುವ ಸುತ್ತುಗಳು, ಒಂದರ ಮೇಲೊಂದು ಸ್ವಲ್ಪ ಹಾಯ್ದಿರುತ್ತವೆ. ನಡುವಿನ ಒಂದನ್ನು ಬದಲಿಸಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಖಾಲಿ ಡಿಸ್ಕಿಗೆ ಒಂದೇ ಸಲ ತುಂಬುವಾಗ ಇದು ಗೊತ್ತೇ ಆಗುವುದಿಲ್ಲ. ಹಳೆಯದನ್ನು ಅಳಿಸಿ, ಹೊಸದನ್ನು ಹಾಕಿ, ಮತ್ತೆ ಅಳಿಸಿ ಎಂದು ಬಳಸತೊಡಗಿದಾಗ ಕಾಪಿ ನಡುವೆಯೇ ಮುಗ್ಗರಿಸಿ ಸೆಕೆಂಡಿಗೆ ಹತ್ತಿಪ್ಪತ್ತು ಎಂಬಿಗೆ ಕುಸಿಯುವುದನ್ನು ನೋಡಿದ್ದೇನೆ. ಹಾಗಾಗಿ ಒಮ್ಮೆ ಬರೆದು ಎತ್ತಿಡುವ ಕೆಲಸಕ್ಕೆ ಇದು ಒಳ್ಳೆಯದು. ದಿನವೂ ವಿಡಿಯೊ ಎಡಿಟ್ ಮಾಡುವುದಕ್ಕೆ ಅಲ್ಲವೇ ಅಲ್ಲ.

ವೆಸ್ಟರ್ನ್ ಡಿಜಿಟಲ್, ಸೀಗೇಟ್, ತೋಷಿಬಾ, ಯಾವುದು ಮೇಲು ಎಂದು ಬಹಳ ಜನ ಕೇಳುತ್ತಾರೆ. ಇವತ್ತು ಹಾರ್ಡ್ ಡಿಸ್ಕ್ ತಯಾರಿಸುವವರು ಇವರು ಮೂವರೇ. ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಕಾಣಲಿಲ್ಲ. ವ್ಯತ್ಯಾಸ ಇರುವುದು ಒಳಗೆ. ವೆಸ್ಟರ್ನ್ ಡಿಜಿಟಲ್‌ನ ಹಲವು ಪೋರ್ಟಬಲ್ ಮಾದರಿಗಳಲ್ಲಿ ಯುಎಸ್‌ಬಿ ಪೋರ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಪೋರ್ಟ್ ಮುರಿದರೆ ಡಿಸ್ಕನ್ನು ಹೊರತೆಗೆದು ಬೇರೆ ಕಡೆ ಸಿಕ್ಕಿಸಿ ಓದಲು ಆಗುವುದಿಲ್ಲ. ಸೀಗೇಟ್‌ನ ಹಲವು ಮಾದರಿಗಳ ಒಳಗಿರುವುದು ಸಾಮಾನ್ಯ ಸಾಟಾ ಡಿಸ್ಕ್ (ಕಂಪ್ಯೂಟರಿನ ಒಳಗೆ ಸಿಕ್ಕಿಸುವ ಮಾಮೂಲಿ ಜೋಡಣೆಯದು), ಜೊತೆಗೆ ಅದನ್ನು ಯುಎಸ್‌ಬಿಗೆ ಜೋಡಿಸುವ ಪುಟ್ಟ ಸರ್ಕ್ಯೂಟ್; ಹಾಗಾಗಿ ಡಿಸ್ಕನ್ನು ಹೊರತೆಗೆದು ಬೇರೆ ಕಡೆ ಓದಬಹುದು. ಇನ್ನೊಂದೆಡೆ ವೆಸ್ಟರ್ನ್ ಡಿಜಿಟಲ್‌ನ ಮೈ ಪಾಸ್‌ಪೋರ್ಟ್ ಸಾಲಿನಲ್ಲಿ 256 ಬಿಟ್ ಎನ್‌ಕ್ರಿಪ್ಷನ್, ಅಂದರೆ ಪಾಸ್‌ವರ್ಡ್ ಇಲ್ಲದೆ ಡೇಟಾ ಓದಲಾಗದಂತೆ ಮಾಡುವ ವ್ಯವಸ್ಥೆ, ಇದೆ. ಕಳೆದುಹೋದರೂ ಬೇರೆಯವರ ಕೈಗೆ ಡೇಟಾ ಸಿಗಬಾರದು ಎನ್ನುವವರಿಗೆ ಅದು ದೊಡ್ಡ ಅನುಕೂಲ, ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವವರೆಗೆ.

ಎಸ್‌ಎಸ್‌ಡಿ ಕೈಗೆ ಬಂದ ಮೇಲೆ ಹಾರ್ಡ್ ಡಿಸ್ಕಿಗೆ ಮರಳುವುದು ಕಷ್ಟ ಎನ್ನುತ್ತಾರಲ್ಲ, ಅದು ನಿಜ. ಸ್ಯಾಮ್‌ಸಂಗ್ ಟಿ7 ಮಾದರಿಗೆ ಕಂಪನಿ ಹೇಳುವ ವೇಗ ಸೆಕೆಂಡಿಗೆ 1,050 ಎಂಬಿ, ಅದರ ಹಿಂದಿನ ಟಿ5ಗೆ 540. ಇಷ್ಟು ವೇಗ ಬೇಕಾದರೆ ಲ್ಯಾಪ್‌ಟಾಪಿನ ಪೋರ್ಟ್ ಸೆಕೆಂಡಿಗೆ 10 ಗಿಗಾಬಿಟ್‌ನದಾಗಿರಬೇಕು. 5 ಗಿಗಾಬಿಟ್ ಪೋರ್ಟಿಗೆ ಹಾಕಿದರೆ ಎಂಥ ಎಸ್‌ಎಸ್‌ಡಿಯಾದರೂ 400 ಎಂಬಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಳೆಯ ಯುಎಸ್‌ಬಿ 2.0 ಪೋರ್ಟಾದರೆ ಹಾರ್ಡ್ ಡಿಸ್ಕಿಗೂ ಎಸ್‌ಎಸ್‌ಡಿಗೂ ಭೇದವೇ ಇಲ್ಲ. ಎರಡೂ ಸೆಕೆಂಡಿಗೆ 40 ಎಂಬಿ ದಾಟುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಪೋರ್ಟ್ ಯಾವುದೆಂದು ನೋಡಿಕೊಳ್ಳಿ, ದಯವಿಟ್ಟು.

ಅಗ್ಗದ ಎಸ್‌ಎಸ್‌ಡಿಗಳಲ್ಲಿ ಇನ್ನೊಂದು ಮಾತು. ಅವು ಮೊದಲ ಹತ್ತಾರು ಜಿಬಿಗಳನ್ನು ವೇಗದ ಕ್ಯಾಶ್‌ಗೆ, ಅಂದರೆ ತಾತ್ಕಾಲಿಕ ಜಾಗಕ್ಕೆ, ಬರೆಯುತ್ತವೆ. ಅದು ತುಂಬಿದ ಮೇಲೆ, ಅದರಲ್ಲೂ ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುರುಕುವ ಕ್ಯೂಎಲ್‌ಸಿ ಚಿಪ್ ಇದ್ದರೆ, ವೇಗ ಹಾರ್ಡ್ ಡಿಸ್ಕಿನ ಮಟ್ಟಕ್ಕೂ ಇಳಿದೀತು. ಪುಟ್ಟ ಫೈಲ್ ಹಾಕಿ ಪರೀಕ್ಷಿಸಿದರೆ ಇದು ಗೊತ್ತಾಗುವುದಿಲ್ಲ. ನಾನು ಯಾವ ಡ್ರೈವನ್ನೂ ಮೆಚ್ಚುವುದು ನೂರು ಜಿಬಿ ಒಂದೇ ಸಲ ಕಾಪಿ ಮಾಡಿ, ಕೊನೆಯ ಭಾಗದ ವೇಗ ನೋಡಿದ ಮೇಲೆ.

ಬಿದ್ದರೆ ಎಸ್‌ಎಸ್‌ಡಿ ತಡೆದುಕೊಳ್ಳುತ್ತದೆ. ತಿರುಗುತ್ತಿರುವ ಹಾರ್ಡ್ ಡಿಸ್ಕ್ ಮೇಜಿನಿಂದ ಬಿದ್ದರೆ ಹೆಡ್ ತಟ್ಟೆಗೆ ತಾಗಿ ಎಲ್ಲವೂ ಹೋಗಬಹುದು. ಆದರೂ ವರ್ಷಗಟ್ಟಲೆ ಬೀರುವಿನಲ್ಲಿ ಇಡುವ ಫೋಟೊಗಳಿಗೆ ನಾನು ಹಾರ್ಡ್ ಡಿಸ್ಕನ್ನೇ ನಂಬುತ್ತೇನೆ. ಎಸ್‌ಎಸ್‌ಡಿಯಲ್ಲಿ ಡೇಟಾ ಇರುವುದು ವಿದ್ಯುದಾವೇಶವಾಗಿ, ಕರೆಂಟಿಲ್ಲದೆ ಇಟ್ಟರೆ ಅದು ನಿಧಾನವಾಗಿ ಸೋರುತ್ತದೆ. ಮೆಮೊರಿ ಚಿಪ್‌ಗಳ ಮಾನದಂಡ ಗೊತ್ತುಮಾಡುವ ಜೆಡೆಕ್ ಸಂಸ್ಥೆಯ ಪ್ರಕಾರ, ಬರೆಯುವ ಆಯಸ್ಸು ಪೂರ್ತಿ ಮುಗಿದ ಸಾಮಾನ್ಯ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರೆಂಟಿಲ್ಲದೆ ಒಂದು ವರ್ಷ ಡೇಟಾ ಉಳಿಸಿಕೊಂಡರೆ ಸಾಕು. ಹೊಸದು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬಾಳುತ್ತದೆ, ನಿಜ. ಮರೆತು ಇಟ್ಟುಬಿಡುವ ವಸ್ತು ಮಾತ್ರ ಅದಲ್ಲ. ಕೆಡುವ ರೀತಿಯೂ ಬೇರೆ. ಹಾರ್ಡ್ ಡಿಸ್ಕ್ ಎಷ್ಟೋ ಸಲ ಟಕ್ ಟಕ್ ಶಬ್ದ ಮಾಡಿ, ನಿಧಾನವಾಗಿ, ಮುನ್ಸೂಚನೆ ಕೊಟ್ಟು ಕೆಡುತ್ತದೆ. ಎಸ್‌ಎಸ್‌ಡಿ ನಿನ್ನೆ ಇತ್ತು, ಇವತ್ತು ಕಂಪ್ಯೂಟರಿಗೆ ಕಾಣಿಸುವುದೇ ಇಲ್ಲ ಎಂಬಂತಾಗಬಹುದು.

ಎನ್‌ಕ್ಲೋಷರ್ ದಾರಿ ನನಗೆ ಇಷ್ಟ. ಲ್ಯಾಪ್‌ಟಾಪಿನಿಂದ ತೆಗೆದ ಸಾಟಾ ಎಸ್‌ಎಸ್‌ಡಿಯನ್ನು ಹಾಕಿದರೆ ಸೆಕೆಂಡಿಗೆ 400 ಎಂಬಿ ದಾಟುವ ಡ್ರೈವ್ ತಯಾರು. ಪೋರ್ಟ್ ಕೆಟ್ಟರೆ ಕವಚ ಮಾತ್ರ ಬದಲಿಸಿದರಾಯಿತು. ಎನ್‌ವಿಎಂಇ, ಅಂದರೆ ಸಾಟಾಗಿಂತ ವೇಗದ ಜೋಡಣೆಯ ಎಸ್‌ಎಸ್‌ಡಿ, ಹಾಕಿದರೆ ವೇಗ ಇನ್ನೂ ಹೆಚ್ಚು, ಆದರೆ ದೊಡ್ಡ ಕಾಪಿಯ ನಡುವೆ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಲೋಹದ ಕವಚವೇ ಬೇಕು. ನಾನು ಬಳಸಿದ ಒಂದು ಅಗ್ಗದ ಕವಚ ಯುಎಸ್‌ಬಿ ಹಬ್‌ನಲ್ಲಿ ನಡುನಡುವೆ ಕಡಿದುಹೋಗುತ್ತಿತ್ತು. ಲ್ಯಾಪ್‌ಟಾಪಿಗೆ ನೇರ ಸಿಕ್ಕಿಸಿ, ಕೇಬಲ್ ಬದಲಿಸಿದ ಮೇಲೆ ಸರಿಹೋಯಿತು.

ಹಾಗಾದರೆ ಯಾವುದು? ಒಂದೇ ಬಗೆಯನ್ನು ಕೊಳ್ಳುವುದಾದರೆ, ಬ್ಯಾಕಪ್‌ಗಾಗಿ ಹಾರ್ಡ್ ಡಿಸ್ಕ್. ಒಂದು 4 ಟಿಬಿಯ ಬದಲು ಬೇರೆ ಬೇರೆ ಕಂಪನಿಗಳ ಎರಡು 2 ಟಿಬಿ ಕೊಂಡು ಎರಡರಲ್ಲೂ ಅದೇ ಡೇಟಾ ಇಡಿ, ಒಂದನ್ನು ಬೇರೆ ಮನೆಯಲ್ಲಿಡಿ. ವಾರಂಟಿಯಲ್ಲಿ ಹೊಸ ಡ್ರೈವ್ ಸಿಗುತ್ತದೆ, ಫೋಟೊ ಸಿಗುವುದಿಲ್ಲ. ದಿನದ ಕೆಲಸಕ್ಕೆ 1 ಟಿಬಿ ಎಸ್‌ಎಸ್‌ಡಿ ಸಾಕು. ವಿಂಡೋಸ್‌ನಲ್ಲಿ ಅದು 931 ಜಿಬಿ ಎಂದು ತೋರಿಸಿದರೆ ಗಾಬರಿ ಬೇಡ, ಎಣಿಸುವ ಕ್ರಮ ಬೇರೆ ಅಷ್ಟೇ. ವಿಂಡೋಸ್, ಮ್ಯಾಕ್ ಎರಡರಲ್ಲೂ ಬಳಸುವವರು ಡ್ರೈವನ್ನು ಎರಡೂ ಓದಿ ಬರೆಯಬಲ್ಲ ಎಕ್ಸ್‌ಫ್ಯಾಟ್ ಎಂಬ ಮಾದರಿಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ನಂಬಲಾಗದಷ್ಟು ಕಡಿಮೆ ಬೆಲೆಗೆ ಬರುವ 16 ಟಿಬಿ ಎಸ್‌ಎಸ್‌ಡಿಗಳನ್ನು ಮುಟ್ಟಬೇಡಿ. ಅಂಥವುಗಳ ಒಳಗೆ ಸಣ್ಣ ಮೆಮೊರಿ ಕಾರ್ಡ್ ಅಂಟಿಸಿರುತ್ತಾರೆ. ಡ್ರೈವ್ ಯಾವುದೇ ಇರಲಿ, ಬಂದ ದಿನವೇ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಎಫ್3 ಎಂಬ ಪರೀಕ್ಷಾ ತಂತ್ರಾಂಶ ಹಾಕಿ ಪೂರ್ತಿ ಬರೆಸಿ ಓದಿಸಿ; ಹೇಳಿದಷ್ಟು ಜಾಗ ನಿಜವಾಗಿ ಇದೆಯೇ ಎಂದು ಗೊತ್ತಾಗುತ್ತದೆ. ಹಾರ್ಡ್ ಡಿಸ್ಕಾದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ರೀಅಲೊಕೇಟೆಡ್ (ಕೆಟ್ಟು ಬದಲಿ ಜಾಗ ಪಡೆದ) ಮತ್ತು ಪೆಂಡಿಂಗ್ (ಕೆಟ್ಟಿರಬಹುದೆಂಬ ಅನುಮಾನದ) ಸೆಕ್ಟರುಗಳ ಸಂಖ್ಯೆ ನೋಡಿ. ಹೊಸ ಡಿಸ್ಕಿನಲ್ಲಿ ಅವೆರಡೂ ಸೊನ್ನೆ ಇರಲೇಬೇಕು. ಇಲ್ಲದಿದ್ದರೆ ಒಂದು ಫೋಟೊವನ್ನೂ ಹಾಕದೆ, ಹಿಂತಿರುಗಿಸುವ ಅವಧಿ ಮುಗಿಯುವ ಮುಂಚೆ ವಾಪಸ್ ಕಳುಹಿಸಿ.