ಒಂದೇ ಬಾಯಿ, ಎರಡು ಇಂಪ್ಲಾಂಟ್: ಎಲುಬು ಉಳಿಸಿದ್ದು ಯಾವುದು?

ಹುಬ್ಬಳ್ಳಿಯಲ್ಲಿ ಹಲ್ಲಿನ ಇಂಪ್ಲಾಂಟ್ ಹಾಕಿಸಬೇಕು ಅಂತ ನಾಲ್ಕು ಜನರನ್ನು ಕೇಳಿದರೆ ಬರುವ ಮಾತು ಎರಡೇ. ಯಾವ ದೇಶದ್ದು, ರೇಟು ಎಷ್ಟು. ಸ್ವಿಸ್ ಅಂತೆ, ಕೊರಿಯಾ ಅಂತೆ, ಇಸ್ರೇಲ್ ಅಂತೆ, ಲೈಫ್‌ಟೈಮ್ ಗ್ಯಾರಂಟಿ ಅಂತೆ. ಸ್ಕ್ರೂದ ಕುತ್ತಿಗೆ ಹೇಗಿದೆ, ಅದರ ಮೇಲೆ ಕೂರುವ ತುಂಡು ಹೇಗೆ ಕೂರುತ್ತದೆ ಅಂತ ಯಾರೂ ಕೇಳುವುದಿಲ್ಲ. ಎಲುಬು ಉಳಿಯುವುದು, ಇಳಿಯುವುದು ಬಹಳಷ್ಟು ಅಲ್ಲೇ ತೀರ್ಮಾನ ಆಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಾಯಲ್ಲಿ ಎರಡು ಇಂಪ್ಲಾಂಟ್ ಇವೆ. ಎರಡೂ ಕೆಳದವಡೆಯಲ್ಲಿ, ಎರಡೂ ಮೊದಲ ದೊಡ್ಡ ದವಡೆ ಹಲ್ಲಿನ ಜಾಗದಲ್ಲಿ, ಒಂದು ಬಲಕ್ಕೆ, ಒಂದು ಎಡಕ್ಕೆ. ಬಲದ್ದು 2012ರದ್ದು. ಎಡದ್ದು 2018ರದ್ದು. ಬಾಯಿ ಒಂದೇ, ಊಟ ಒಂದೇ, ಬ್ರಷ್ ಒಂದೇ. ಡಿಸೈನ್ ಮಾತ್ರ ಪೂರ್ತಿ ಬೇರೆ. ನಾನು ಗೋಕುಲ ರೋಡ್ ಕಡೆ ಮಷಿನ್ ಶಾಪ್‌ನಲ್ಲಿ ಲೇತ್ ಮೇಲೆ ಬೆಳೆದವನು, ಥ್ರೆಡ್ಡು, ಟೇಪರ್ರು, ಫಿಟ್ಟು ಅಂದರೆ ದಿನಾ ನೋಡುವ ಕೆಲಸ. ಹಾಗಾಗಿ ಎಕ್ಸ್‌ರೇ ಕೈಗೆ ಬಂದಾಗಲೆಲ್ಲ ಕಣ್ಣು ಹೋಗುವುದು ಅಲ್ಲಿಗೇ.

ಮೊದಲು ಹೊಸಬರಿಗೆ ಇಷ್ಟು ಗೊತ್ತಿರಲಿ. ಇಂಪ್ಲಾಂಟ್ ಅಂದರೆ ಮೂರು ತುಂಡು. ಎಲುಬಿನೊಳಗೆ ಕೂರುವ ಟೈಟಾನಿಯಂ ಸ್ಕ್ರೂ, ಅದರ ಮೇಲೆ ಅಬಟ್‌ಮೆಂಟ್ ಅನ್ನುವ ನಡುವಿನ ತುಂಡು, ಮೇಲೆ ಕ್ಯಾಪ್. ಸ್ಕ್ರೂ ಮತ್ತು ಅಬಟ್‌ಮೆಂಟ್ ಸೇರುವ ಜಾಗ ಹೆಚ್ಚಿನ ಮಾದರಿಗಳಲ್ಲಿ ಎಲುಬಿನ ಮೇಲಂಚಿನ ಹತ್ತಿರವೇ ಬರುತ್ತದೆ. ಎಷ್ಟೇ ಚೆನ್ನಾಗಿ ಮಷಿನ್ ಮಾಡಿದರೂ ಎರಡು ಲೋಹದ ತುಂಡಿನ ನಡುವೆ ಕೆಲವು ಮೈಕ್ರಾನ್ ಸಂದು ಇದ್ದೇ ಇರುತ್ತದೆ. ಬಾಯಿಯ ಸೂಕ್ಷ್ಮಾಣು ಸುಮಾರು ಒಂದು ಮೈಕ್ರಾನ್ ಗಾತ್ರದ್ದು. ಒಳಗೆ ಹೋಗಿ ಕೂರಲು ಅಷ್ಟು ಜಾಗ ಸಾಕು. ಅಲ್ಲಿ ಸೋಂಕು ನೆಲೆ ನಿಂತರೆ ದೇಹ ಎಲುಬನ್ನು ಆ ಸಂದಿನಿಂದ ದೂರ ಸರಿಸಿಕೊಳ್ಳುತ್ತದೆ, ಅಂದರೆ ಎಲುಬು ಕೆಳಗೆ ಇಳಿಯುತ್ತದೆ.

ಇನ್ನೊಂದು ವಿಷಯ. ನಮ್ಮ ಸ್ವಂತ ಹಲ್ಲಿಗೂ ಎಲುಬಿಗೂ ನಡುವೆ ತೆಳ್ಳಗಿನ ನಾರಿನ ಪದರ ಇರುತ್ತದೆ, ಜಗಿದಾಗ ಹಲ್ಲು ಕೂದಲೆಳೆಯಷ್ಟು ಕೆಳಗೆ ಹೋಗಿ ವಾಪಸ್ ಬರುತ್ತದೆ. ಇಂಪ್ಲಾಂಟ್‌ಗೆ ಅದಿಲ್ಲ. ಲೋಹ ನೇರವಾಗಿ ಎಲುಬಿಗೆ ಅಂಟಿರುತ್ತದೆ. ಜಗಿಯುವ ಭಾರ ಎಲ್ಲಕ್ಕಿಂತ ಜಾಸ್ತಿ ಬೀಳುವುದು ಕುತ್ತಿಗೆಯ ಸುತ್ತಲಿನ ಎಲುಬಿನ ಮೇಲೆ, ತುದಿಯ ಮೇಲಲ್ಲ. ಅದಕ್ಕೇ ಉದ್ದದ ಸ್ಕ್ರೂ ಹಾಕಿದ್ದೇವೆ ಅಂತ ಯಾರಾದರೂ ಹೇಳಿದರೆ ಅದೊಂದೇ ಮಾತಿಗೆ ಖುಷಿಪಡಬೇಡಿ. ಆ ಭಾರ ಹಂಚಲು ಉದ್ದಕ್ಕಿಂತ ದಪ್ಪ ಜಾಸ್ತಿ ಕೆಲಸಕ್ಕೆ ಬರುತ್ತದೆ. ಆದರೆ ದಪ್ಪದ್ದು ಹಾಕಲು ಕೆನ್ನೆ ಕಡೆ ಕನಿಷ್ಠ ಒಂದೂವರೆ ಮಿಲಿಮೀಟರ್ ಆದರೂ ಎಲುಬು ಉಳಿಯಬೇಕು, ಇಲ್ಲದಿದ್ದರೆ ಆ ತೆಳ್ಳನೆಯ ಗೋಡೆಯೇ ಕರಗುತ್ತದೆ.

ಈಗ ಬಲಗಡೆಯದ್ದರ ಕಥೆ. ಇದು ಎಕ್ಸ್‌ಟರ್ನಲ್ ಹೆಕ್ಸ್. ಅಂದರೆ ಸ್ಕ್ರೂ ತಲೆಯ ಮೇಲೆ 0.7 ಮಿ.ಮೀ. ಎತ್ತರದ ಆರು ಮೂಲೆಯ ಗುಬಟು, ಅದರ ಮೇಲೆ ಅಬಟ್‌ಮೆಂಟ್ ಚಪ್ಪಟೆಯಾಗಿ ಕೂರುತ್ತದೆ. ಸ್ವೀಡನ್ನಿನ ಬ್ರೊನೆಮಾರ್ಕ್ ಮಾಡಿದ ಮೂಲ ಮಾದರಿ ಇದೇ ಜಾತಿಯದ್ದು. 1950ರ ದಶಕದಲ್ಲಿ ಮೊಲದ ಎಲುಬಿಗೆ ಟೈಟಾನಿಯಂ ಬಿಡಿಸಲಾಗದಂತೆ ಅಂಟಿಕೊಂಡಿದ್ದನ್ನು ಗಮನಿಸಿದವರು ಅವರು. 1965ರಲ್ಲಿ ಮೊದಲ ರೋಗಿಗೆ ಹಾಕಿದ ಇಂಪ್ಲಾಂಟ್‌ಗಳು ಆತ 2006ರಲ್ಲಿ ತೀರಿಕೊಳ್ಳುವವರೆಗೂ ಕೆಲಸ ಮಾಡಿದವು. ಹಾಗಾಗಿ ಹಳೆ ಡಿಸೈನ್ ಅಂದ ಕೂಡಲೇ ಕೆಟ್ಟದ್ದು ಅನ್ನುವುದು ತಪ್ಪು. ಆದರೆ ಆ ಗುಬಟು ಇದ್ದದ್ದು ಸ್ಕ್ರೂವನ್ನು ಹಿಡಿದು ಎಲುಬಿಗೆ ತಿರುಗಿಸಲು. ಆಗ ನಾಲ್ಕಾರು ಇಂಪ್ಲಾಂಟ್ ಸೇರಿಸಿ ಒಂದೇ ಸೆಟ್ ಹಲ್ಲು ಕಟ್ಟುತ್ತಿದ್ದರು, ಒಂದಕ್ಕೊಂದು ಆಸರೆ ಇರುತ್ತಿತ್ತು. ಒಂಟಿ ಹಲ್ಲು ಅಲ್ಲಾಡದಂತೆ ಹಿಡಿಯುವ ಜವಾಬ್ದಾರಿ ಅದರ ಮೇಲೆ ಬಿದ್ದದ್ದು ಆಮೇಲೆ. 0.7 ಮಿ.ಮೀ. ಎತ್ತರದ ಗುಬಟು, ಅದರ ಮೇಲೆ ಒಂದು ದವಡೆ ಹಲ್ಲು, ದಿನಾ ಎರಡು ಹೊತ್ತು ರೊಟ್ಟಿ. ಮಷಿನ್ ಕೆಲಸದವರು ಯಾರೇ ಆದರೂ ಆ ಡ್ರಾಯಿಂಗ್ ನೋಡಿ, ಇದು ಲೂಸ್ ಆಗುತ್ತದೆ ಅಂತ ಹೇಳುತ್ತಾರೆ.

ಲೂಸ್ ಆಯಿತು ಕೂಡ. ಮೊದಲ ಮೂರು ನಾಲ್ಕು ವರ್ಷ ಏನೂ ತೊಂದರೆ ಇರಲಿಲ್ಲ, ಸ್ವಂತ ಹಲ್ಲಿನ ಹಾಗೇ ಇತ್ತು. ಆಮೇಲೆ ಕಟಕ್ ರೊಟ್ಟಿ ಕಚ್ಚಿದಾಗ ಕ್ಯಾಪ್ ಸ್ವಲ್ಪ ಹೊರಳಿದ ಹಾಗೆ ಅನಿಸತೊಡಗಿತು. ನೋವಿಲ್ಲ. ಬ್ರಷ್ ಮಾಡಿದರೆ ಒಸಡಿನಿಂದ ರಕ್ತ, ಬೆಳಿಗ್ಗೆ ಎದ್ದರೆ ಬಾಯಲ್ಲಿ ಕೆಟ್ಟ ರುಚಿ. ಹಾಕಿದ ಕ್ಲಿನಿಕ್ ಆಗಲೇ ಮುಚ್ಚಿತ್ತು. ಅವರು ಕಂಪನಿ ಹೆಸರು ಬರೆದ ಒಂದು ಚೀಟಿಯನ್ನೂ ಕೊಟ್ಟಿರಲಿಲ್ಲ, ಬಿಲ್ಲಿನಲ್ಲಿ ಬರೀ ಇಂಪ್ಲಾಂಟ್ ಅಂತಿತ್ತು. ವಿದ್ಯಾನಗರದ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆ. ಅವರು ಎಕ್ಸ್‌ರೇ ತೆಗೆದು ಸ್ಕ್ರೀನ್ ನನ್ನ ಕಡೆ ತಿರುಗಿಸಿ ತೋರಿಸಿದರು.

"ನೋಡ್ರಿ ಸರ್, ಎಲುಬು ಇಲ್ಲಿತನಕಾ ಇರಬೇಕಿತ್ತು. ಇಲ್ಲಿಗೆ ಇಳದೈತಿ. ನಾಕು ಥ್ರೆಡ್ ಬಯಲಾಗ್ಯಾವ."

ಕುತ್ತಿಗೆಯ ಎರಡೂ ಪಕ್ಕ ಎಲುಬು ಬಟ್ಟಲಿನ ಆಕಾರದಲ್ಲಿ ಕರಗಿತ್ತು. ನಾಲ್ಕು ಥ್ರೆಡ್ ಸ್ಪಷ್ಟವಾಗಿ ಕಾಣುತ್ತಿದ್ದವು, ಐದನೆಯದು ಅರ್ಧ. ಆ ಮಾದರಿಯಲ್ಲಿ ಥ್ರೆಡ್ಡಿನಿಂದ ಥ್ರೆಡ್ಡಿಗೆ 0.6 ಮಿ.ಮೀ. ಲೆಕ್ಕ ಹಿಡಿಯಿರಿ, ಎರಡೂವರೆ ಮಿಲಿಮೀಟರ್ ಆಸುಪಾಸು, ಅದರ ಮೇಲೆ ನುಣುಪು ಕುತ್ತಿಗೆ ಬೇರೆ. 1986ರಿಂದ ದಂತವೈದ್ಯರು ಹಿಡಿದುಕೊಂಡು ಬಂದ ಒಂದು ಅಳತೆ ಇದೆ: ಮೊದಲ ವರ್ಷ ಒಂದು, ಒಂದೂವರೆ ಮಿಲಿಮೀಟರ್ ಇಳಿಯಬಹುದು, ಆಮೇಲೆ ವರ್ಷಕ್ಕೆ 0.2 ಮಿ.ಮೀ. ಒಳಗಿರಬೇಕು. ನನ್ನದು ಆ ಗಡಿ ದಾಟಿತ್ತು.

ಕಾರಣ ಬರೀ ಹೆಕ್ಸ್ ಅಲ್ಲ, ಅದನ್ನೂ ಹೇಳಬೇಕು. ಕ್ಯಾಪನ್ನು ಸಿಮೆಂಟ್ ಹಾಕಿ ಅಂಟಿಸಿದ್ದರು. ಒಸಡಿನ ಕೆಳಗೆ ಉಳಿದ ಸಿಮೆಂಟಿನ ಚೂರನ್ನು ಡಾಕ್ಟರ್ ಕೆರೆದು ತೆಗೆದು ಹತ್ತಿಯ ಮೇಲಿಟ್ಟು ತೋರಿಸಿದರು, ಜೋಳದ ನುಚ್ಚಿನಷ್ಟು, ಹಳದಿ ಬಣ್ಣ. ಇಂಪ್ಲಾಂಟ್ ಸುತ್ತ ರೋಗ ಬಂದವರನ್ನು ಎಂಡೋಸ್ಕೋಪ್ ಹಾಕಿ ನೋಡಿದ 2009ರ ಒಂದು ಅಧ್ಯಯನದಲ್ಲಿ ನೂರಕ್ಕೆ 81 ಕಡೆ ಹೀಗೇ ಹೆಚ್ಚುವರಿ ಸಿಮೆಂಟ್ ಸಿಕ್ಕಿತ್ತು. ಅಂದರೆ ಇದು ನನ್ನೊಬ್ಬನ ಪಾಡಲ್ಲ. ಸಿಮೆಂಟ್ ಕ್ಯಾಪಿನ ಇನ್ನೊಂದು ಕಷ್ಟ, ಅಬಟ್‌ಮೆಂಟನ್ನು ಹಿಡಿದಿರುವ ಒಳಗಿನ ಸಣ್ಣ ಸ್ಕ್ರೂ ಲೂಸ್ ಆದರೆ ಬಿಗಿ ಮಾಡಲು ಕ್ಯಾಪಿಗೆ ತೂತು ಹೊಡೆಯಬೇಕು. ಹೊಡೆದರು. ಕಂಪನಿ ಗೊತ್ತಿಲ್ಲದ ಕಾರಣ ಸ್ಕ್ರೂಡ್ರೈವರ್ ಒಂದಾದ ಮೇಲೆ ಒಂದು ಹಾಕಿ ನೋಡಿ, ಕೊನೆಗೆ ಒಂದು ಕೂತಿತು.

ಎಡಗಡೆಗೆ ಇಂಪ್ಲಾಂಟ್ ಬೇಕಾದದ್ದು ಅದೇ ವರ್ಷ. ಅದಕ್ಕೆ ಸಿಟಿ ಸ್ಕ್ಯಾನ್ ಮಾಡಿಸಿ, ಎಲುಬಿನ ಅಗಲ ಅಳೆದು, ಬೇರೆ ಡಿಸೈನ್ ಹಾಕಿದರು. ಇಲ್ಲಿ ಅಬಟ್‌ಮೆಂಟ್ ಮೇಲೆ ಕೂರುವುದಿಲ್ಲ, ಒಳಗೆ ಇಳಿಯುತ್ತದೆ, ಅದೂ ಟೇಪರ್ ಆಗಿ, ಅಂದರೆ ಕೆಳಕ್ಕೆ ಹೋದಂತೆ ಸಣ್ಣಗಾಗುತ್ತ. ಲೇತ್ ಮೇಲೆ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೇಲ್‌ಸ್ಟಾಕ್‌ನಲ್ಲಿ ಡ್ರಿಲ್ ಸ್ಲೀವ್ ಹಿಡಿಯುವ ಮೋರ್ಸ್ ಟೇಪರ್ ಇದೆಯಲ್ಲ, ಅದೇ ತತ್ವ. ಬಿಗಿಯಾದಂತೆ ಗೋಡೆಗೆ ಗೋಡೆ ಒತ್ತಿಕೊಳ್ಳುತ್ತದೆ, ಪ್ಲೇ, ಅಂದರೆ ಅಲ್ಲಾಟ ಉಳಿಯುವುದಿಲ್ಲ, ಸಂದು ಕಡಿಮೆ. ಡಾಕ್ಟರ್ ಸಣ್ಣ ಟಾರ್ಕ್ ರೆಂಚ್ ಹಿಡಿದು ಕಂಪನಿ ಹೇಳಿದ ಅಳತೆಗೆ ಬಿಗಿ ಮಾಡಿದರು.

ಎರಡನೆಯ ವ್ಯತ್ಯಾಸ ಪ್ಲಾಟ್‌ಫಾರ್ಮ್ ಸ್ವಿಚಿಂಗ್. ಅಬಟ್‌ಮೆಂಟ್ ಬುಡ ಇಂಪ್ಲಾಂಟ್ ತಲೆಗಿಂತ ಸಣ್ಣದು. ಸುತ್ತ ಸಣ್ಣ ಮೆಟ್ಟಿಲು ಉಳಿಯುತ್ತದೆ, ಸಂದು ಎಲುಬಿನ ಅಂಚಿನಿಂದ ಒಳಕ್ಕೆ ಸರಿಯುತ್ತದೆ, ಒಸಡು ಆ ಮೆಟ್ಟಿಲ ಮೇಲೆ ದಪ್ಪಗೆ ಕೂರುತ್ತದೆ. ಇದು ಸಿಕ್ಕ ರೀತಿ ನನಗೆ ಬಹಳ ಇಷ್ಟ. 1991ರ ಹೊತ್ತಿಗೆ ಅಮೆರಿಕದ ಒಂದು ಕಂಪನಿ 5 ಮತ್ತು 6 ಮಿ.ಮೀ. ಅಗಲದ ಇಂಪ್ಲಾಂಟ್ ತಂದಿತು, ಆದರೆ ಆ ಅಗಲಕ್ಕೆ ಹೊಂದುವ ಅಬಟ್‌ಮೆಂಟ್ ಇನ್ನೂ ತಯಾರಿರಲಿಲ್ಲ. ವೈದ್ಯರು ಕೈಗೆ ಸಿಕ್ಕ 4.1 ಮಿ.ಮೀ. ಅಬಟ್‌ಮೆಂಟ್ ಹಾಕಿದರು. ವರ್ಷಗಳ ನಂತರ ಎಕ್ಸ್‌ರೇ ನೋಡಿದರೆ ಅಲ್ಲೆಲ್ಲ ಎಲುಬು ನಿರೀಕ್ಷೆಗಿಂತ ಕಡಿಮೆ ಇಳಿದಿತ್ತು. ಲಜಾರಾ ಮತ್ತು ಪೋರ್ಟರ್ ಅನ್ನುವವರು 2006ರಲ್ಲಿ ಅದನ್ನು ಬರೆದರು. ಈಗ ಬಹಳಷ್ಟು ಕಂಪನಿಗಳು ಹೀಗೇ ಮಾಡುತ್ತವೆ, ಕೊರಿಯಾದವು, ನಮ್ಮ ದೇಶದವು ಸೇರಿ. ಅದಕ್ಕೇ ದೇಶ ಕೇಳುವುದಕ್ಕಿಂತ ಇದನ್ನು ಕೇಳಿ ಅನ್ನುತ್ತೇನೆ.

ಕುತ್ತಿಗೆಯ ಹತ್ತಿರ ಥ್ರೆಡ್ ಬಹಳ ಸಣ್ಣವು, ಮೈಕ್ರೋಥ್ರೆಡ್. ಭಾರವನ್ನು ಎಲುಬಿಗೆ ಹಂಚಿ ಕೊಡಲು. ಕ್ಯಾಪ್ ಸಣ್ಣ ಸ್ಕ್ರೂದಿಂದಲೇ ಕೂತಿದೆ, ಸಿಮೆಂಟ್ ಇಲ್ಲ. ಬೇಕಾದಾಗ ಬಿಚ್ಚಿ ತೊಳೆದು ಹಾಕಬಹುದು.

2024ರಲ್ಲಿ ಇದಕ್ಕೂ ಆರು ವರ್ಷ ತುಂಬಿತು. ಬಲದ್ದರ ಆರನೇ ವರ್ಷದ ಎಕ್ಸ್‌ರೇ, ಎಡದ್ದರ ಆರನೇ ವರ್ಷದ ಎಕ್ಸ್‌ರೇ, ಎರಡನ್ನೂ ಪಕ್ಕಪಕ್ಕ ಹಾಕಿಸಿ ನೋಡಿದೆ. ಎಡದ್ದರಲ್ಲಿ ಎಲುಬು ಮೈಕ್ರೋಥ್ರೆಡ್ ಹತ್ತಿರವೇ ನಿಂತಿದೆ. ಹಿಂದಿನ ಪಕ್ಕದಲ್ಲಿ ಅರ್ಧ ಮಿಲಿಮೀಟರ್ ಇಳಿದಿರಬಹುದು ಅಂದರು, ಮುಂದಿನ ಪಕ್ಕದಲ್ಲಿ ಅದೂ ಇಲ್ಲ. ಐದಕ್ಕೆ ಅಂಕ ಕೊಡಿ ಅಂದರೆ ಎಡದ್ದಕ್ಕೆ ನಾಲ್ಕೂವರೆ, ಬಲದ್ದಕ್ಕೆ ಎರಡು.

ಆದರೆ ಇಷ್ಟೂ ವ್ಯತ್ಯಾಸ ಡಿಸೈನಿನದೇ ಅಂದುಕೊಳ್ಳಬೇಡಿ. ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2010ರ ಒಂದು ವಿಶ್ಲೇಷಣೆಯಲ್ಲಿ ಪ್ಲಾಟ್‌ಫಾರ್ಮ್ ಸ್ವಿಚಿಂಗ್‌ನಿಂದ ಉಳಿದ ಎಲುಬು ಸರಾಸರಿ 0.37 ಮಿ.ಮೀ. ಅಷ್ಟೇ. ನನ್ನ ಬಾಯಲ್ಲಿ ಕಂಡ ಎರಡು ಮಿಲಿಮೀಟರ್ ಅಂತರದಲ್ಲಿ ಸಿಮೆಂಟಿನ ಪಾಲಿದೆ, ಲೂಸ್ ಆಗಿ ಅಲ್ಲಾಡಿದ್ದರ ಪಾಲಿದೆ. ಒಸಡಿನ ದಪ್ಪದ ಪಾಲೂ ಇರುತ್ತದೆ. ಒಸಡು 2 ಮಿ.ಮೀ.ಗಿಂತ ತೆಳ್ಳಗಿದ್ದರೆ ಎಷ್ಟು ಒಳ್ಳೆ ಡಿಸೈನ್ ಹಾಕಿದರೂ ಎಲುಬು ಸ್ವಲ್ಪ ಇಳಿದೇ ಇಳಿಯುತ್ತದೆ, ಯಾಕೆಂದರೆ ಒಸಡು ತನಗೆ ಬೇಕಾದ ಎತ್ತರವನ್ನು ಎಲುಬು ಸರಿಸಿಯಾದರೂ ಮಾಡಿಕೊಳ್ಳುತ್ತದೆ. ಎಡಗಡೆ ಹಾಕುವ ಮುಂಚೆ ಡಾಕ್ಟರ್ ಒಸಡಿನ ದಪ್ಪ ಅಳೆದರು. ಬಲಗಡೆಗೆ ಯಾರೂ ಅಳೆದಿರಲಿಲ್ಲ.

ಮೇಲ್ಮೈ ಬಗ್ಗೆಯೂ ಹೇಳಬೇಕು, ಯಾಕೆಂದರೆ ಬ್ರೋಷರ್‌ನಲ್ಲಿ ಒಳ್ಳೆಯದನ್ನಷ್ಟೇ ಬರೆದಿರುತ್ತಾರೆ. ಹಳೆ ಕಾಲದ ಇಂಪ್ಲಾಂಟ್ ಲೇತ್‌ನಿಂದ ಬಂದ ಹಾಗೇ ನುಣುಪು. ಈಗಿನವು ಮರಳು ಹೊಡೆದು ಆಸಿಡ್ ತಿನ್ನಿಸಿದ ತರಿ ಮೇಲ್ಮೈ, ಸ್ವಿಸ್ ಕಂಪನಿ ಸ್ಟ್ರಾಮನ್‌ನವರು ಎಸ್‌ಎಲ್‌ಎ ಅನ್ನುವ ಹೆಸರಲ್ಲಿ 1990ರ ದಶಕದ ಕೊನೆಗೆ ತಂದದ್ದು ಇದರಲ್ಲಿ ಹೆಸರುವಾಸಿ. ತರಿ ಇದ್ದರೆ ಎಲುಬು ಬೇಗ ಹಿಡಿಯುತ್ತದೆ. ಮೊದಲೆಲ್ಲ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯಬೇಕಿತ್ತು, ಈಗ ಎಲುಬು ಗಟ್ಟಿ ಇದ್ದರೆ ಆರೆಂಟು ವಾರಕ್ಕೆ ಕ್ಯಾಪ್ ಹಾಕುತ್ತಾರೆ. ಇದು ಒಳ್ಳೆಯದೇ. ಆದರೆ ಎಲುಬು ಇಳಿದು ಆ ತರಿ ಭಾಗ ಬಾಯಿಗೆ ತೆರೆದುಕೊಂಡರೆ ಅದಕ್ಕೇ ಕೊಳೆ ಕಚ್ಚಿಕೊಳ್ಳುತ್ತದೆ, ಬ್ರಷ್‌ಗೆ ಸಿಗುವುದಿಲ್ಲ, ರೋಗ ಜೋರಾಗುತ್ತದೆ. ತರಿ ಇಂಪ್ಲಾಂಟ್ ಹಾಕಿಸಿಕೊಂಡವರು ಕುತ್ತಿಗೆ ಕಾಯಲೇಬೇಕು.

ಇದಕ್ಕೇ ನಮ್ಮ ಅಣ್ಣನಿಗೆ ಗದಗಿನಲ್ಲಿ ಟಿಶ್ಯೂ ಲೆವೆಲ್ ಮಾದರಿ ಹಾಕಿದ್ದಾರೆ. ಸ್ಕ್ರೂಗೆ ಸೇರಿದಂತೆ ಮೇಲೆ ಎರಡು ಮೂರು ಮಿಲಿಮೀಟರ್ ನುಣುಪು ಕಾಲರ್ ಇರುತ್ತದೆ, ಸಂದು ಎಲುಬಿನಿಂದ ಮೇಲಕ್ಕೆ, ಒಸಡಿನ ಮಟ್ಟಕ್ಕೆ ಬರುತ್ತದೆ. ಸ್ವಚ್ಛ ಮಾಡುವುದು ಸುಲಭ. ಅಣ್ಣನಿಗೆ ಸಕ್ಕರೆ ಕಾಯಿಲೆ ಇದೆ, ಆತನ ಡಾಕ್ಟರ್ ಯೋಚಿಸಿಯೇ ಹಾಕಿದ್ದಾರೆ ಅನಿಸಿತು. ಮುಂದಿನ ಹಲ್ಲಿಗೆ ಇದು ಅಷ್ಟು ಹೊಂದುವುದಿಲ್ಲ, ಲೋಹದ ಅಂಚು ಕಾಣಬಹುದು. ದವಡೆಗೆ ನನ್ನ ಪ್ರಕಾರ ಬಹಳ ಒಳ್ಳೆಯ ಆಯ್ಕೆ. ಆದರೆ ಆ ನುಣುಪು ಕಾಲರ್ ಎಲುಬಿನೊಳಗೆ ಮುಳುಗುವಷ್ಟು ಆಳಕ್ಕೆ ಇಳಿಸಿದರೆ ಅಷ್ಟೂ ಎಲುಬು ಕರಗುತ್ತದೆ. ಡಿಸೈನ್ ಒಳ್ಳೆಯದಿದ್ದು ಆಳ ತಪ್ಪಿದರೆ ದುಡ್ಡು ನೀರಿಗೆ ಹಾಕಿದ ಹಾಗೇ.

ಗುಟ್ಕಾ, ತಂಬಾಕು ಇರುವವರು ಮೊದಲು ಅದನ್ನು ಬಿಡಿ. ಈ ವಿಷಯದಲ್ಲಿ ಎರಡು ಮಾತಿಲ್ಲ.

ದಯವಿಟ್ಟು ಒಂದು ಕೆಲಸ ಮಾಡಿ. ಇಂಪ್ಲಾಂಟ್ ಡಬ್ಬಿಯ ಮೇಲೆ ಸ್ಟಿಕ್ಕರ್ ಇರುತ್ತದೆ, ಕಂಪನಿ, ಮಾದರಿ, ದಪ್ಪ, ಉದ್ದ, ಲಾಟ್ ನಂಬರ್ ಎಲ್ಲ ಅದರಲ್ಲಿ. ಅದನ್ನು ಕಾರ್ಡಿಗೆ ಅಂಟಿಸಿ ಕೊಡಿ ಅಂತ ಕೇಳಿ ಪಡೆಯಿರಿ. ಕ್ಯಾಪ್ ಹಾಕಿದ ದಿನದ ಎಕ್ಸ್‌ರೇ ಕೂಡ ಮೊಬೈಲಿಗೆ ಹಾಕಿಸಿಕೊಳ್ಳಿ. ಆ ಮೊದಲ ಎಕ್ಸ್‌ರೇ ಇಲ್ಲದಿದ್ದರೆ ಎಲುಬು ಇಳಿದಿದೆಯೋ, ಮೊದಲಿಂದ ಹಾಗೇ ಇತ್ತೋ ಅಂತ ಮುಂದೆ ಯಾರಿಗೂ ಹೇಳಲು ಬರುವುದಿಲ್ಲ. ಕ್ಲಿನಿಕ್ ಮುಚ್ಚಬಹುದು, ಡಾಕ್ಟರ್ ಊರು ಬಿಡಬಹುದು. ಸತ್ತೂರಿನ ಎಸ್‌ಡಿಎಂ ದಂತ ಕಾಲೇಜು ಹತ್ತಿರವೇ ಇರುವ ನಮ್ಮಂಥ ಊರಲ್ಲಿ ಎರಡನೇ ಅಭಿಪ್ರಾಯ ಕೇಳಲು ಕಷ್ಟ ಇಲ್ಲ, ಆದರೆ ಕೇಳಲು ಹೋದಾಗ ತೋರಿಸಲು ಕೈಯಲ್ಲಿ ಏನಾದರೂ ಇರಬೇಕಲ್ವಾ.

ಬಲದ್ದನ್ನು ಇನ್ನೂ ತೆಗೆಸಿಲ್ಲ. ಸಿಮೆಂಟ್ ಚೂರು ತೆಗೆದು, ಒಳಗಿನ ಸ್ಕ್ರೂ ಹೊಸದು ಹಾಕಿ, ಸ್ಕ್ರೂದಿಂದ ಕೂರುವ ಹೊಸ ಕ್ಯಾಪ್ ಮಾಡಿಸಿದ ಮೇಲೆ ರಕ್ತ ನಿಂತಿದೆ, ಆಮೇಲಿನ ಎಕ್ಸ್‌ರೇಗಳಲ್ಲಿ ಐದನೇ ಥ್ರೆಡ್ ಇದ್ದಲ್ಲೇ ಇದೆ. ಕಳೆದುಹೋದ ಎಲುಬು ವಾಪಸ್ ಬಂದಿಲ್ಲ. ಅದರ ಸುತ್ತ ರಾತ್ರಿ ಸಣ್ಣ ಸಂದಿನ ಬ್ರಷ್ ಆಡಿಸುತ್ತೇನೆ, ರೊಟ್ಟಿ ಎಡಗಡೆ ಜಗಿಯುತ್ತೇನೆ. ಆರನೇ ಥ್ರೆಡ್ ಕಂಡರೆ ತೆಗೆದು, ಎಲುಬು ತುಂಬಿಸಿ, ಒಳ ಟೇಪರಿನದ್ದನ್ನೇ ಹಾಕುವುದು ಅಂತ ಡಾಕ್ಟರೂ ನಾನೂ ಮಾತಾಡಿ ಇಟ್ಟುಕೊಂಡಿದ್ದೇವೆ.