ಮಡಿಕೇರಿಯ ಸೆಟ್ ದೋಸೆ: ಎರಡಕ್ಕೆ ಸೆಟ್ ಅನ್ನಬಹುದಾ?

ಮಡಿಕೇರಿ ಬಸ್ ಸ್ಟ್ಯಾಂಡಿನಿಂದ ರಾಜಾಸೀಟ್ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹೋಟೆಲ್ ಇದೆ. ಹೆಸರು ಬೇಡ, ಸ್ವಲ್ಪ ಬೈಯೋದೂ ಇದೆ. ಭಾನುವಾರ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ, ಸೆಟ್ ದೋಸೆ ಹೇಳಿದೆ. ಬಂದದ್ದು ಎರಡೇ. "ಸೆಟ್ ಅಂದ್ರೆ ಮೂರಲ್ವಾ?" ಅಂದೆ. ಸಪ್ಲೈಯರ್ ಮುಖ ಕೂಡ ನೋಡದೆ "ಇಲ್ಲಿ ಎರಡೇ" ಅಂದು ಹೋದ.

ದೋಸೆ ಮಾತ್ರ ಸೂಪರ್. ಅಂಗೈಗಿಂತ ಸ್ವಲ್ಪ ಅಗಲ, ಮೇಲೆಲ್ಲ ಸಣ್ಣ ಸಣ್ಣ ತೂತು, ಬೆರಳಲ್ಲಿ ಒತ್ತಿದರೆ ಸ್ಪಂಜಿನ ಹಾಗೆ ಮತ್ತೆ ಏಳುತ್ತದೆ, ಅಡಿ ಮಾತ್ರ ತೆಳ್ಳಗೆ ಕೆಂಪು. ಚಟ್ನಿಗೆ ಗಾಂಧಾರಿ ಮೆಣಸು ಹಾಕಿದ್ದಾರೆ, ಕಿವಿಯಲ್ಲಿ ಹೊಗೆ ಬರುತ್ತದೆ. ಸಾಗು ನೀರು.

ಆದರೆ ಎರಡು ದೋಸೆಯ ಸಿಟ್ಟು ಇಳಿಯಲಿಲ್ಲ. ಕೂತಲ್ಲೇ ಮೊಬೈಲ್ ತೆಗೆದು ಸೆಟ್ ಪದದ ಮೂಲ ಹುಡುಕಿದೆ. ಆಕ್ಸ್‌ಫರ್ಡ್‌ನ ದೊಡ್ಡ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಈ ಪದಕ್ಕೇ ಅಂತೆ, ಕ್ರಿಯಾಪದಕ್ಕೇ 430ಕ್ಕೂ ಜಾಸ್ತಿ ಅರ್ಥ! ಆಮೇಲೆ ರನ್ ಪದ ಅದನ್ನು ಹಿಂದೆ ಹಾಕಿತು, ಅದಿರಲಿ. ಮಜಾ ಏನಂದ್ರೆ ಇದು ಒಂದೇ ಪದ ಅಲ್ಲ, ಎರಡು. ಇಡು, ಕೂರಿಸು ಅನ್ನುವ ಸೆಟ್ ಹಳೆ ಇಂಗ್ಲಿಷಿನದು, ಸಿಟ್ ಪದದ ಒಡಹುಟ್ಟು. ಗುಂಪು ಅನ್ನುವ ಸೆಟ್ ಬಂದದ್ದು ಹಳೆ ಫ್ರೆಂಚಿನಿಂದ, ಅದರ ಹಿಂದೆ ಲ್ಯಾಟಿನ್‌ನ ಸೆಕ್ಟಾ, ಅಂದ್ರೆ ಒಬ್ಬರ ಹಿಂದೆ ಹೋಗುವವರ ಗುಂಪು. ನಮ್ಮ ದೋಸೆ ಈ ಎರಡನೇ ಮನೆಯದು. ಒಂದರ ಹಿಂದೆ ಒಂದೇ ಬಂದರೆ ಅದೆಂಥ ಗುಂಪು ಸ್ವಾಮಿ, ಜೋಡಿ ಅನ್ನಿ!

ಪಕ್ಕದ ಟೇಬಲಿನಲ್ಲಿ ಇಬ್ಬರು ತೋಟದವರು ಕಾಫಿ ಕುಡಿಯುತ್ತಾ "ಹೂಮಳೆ ಬಂತು, ಇನ್ನೊಂದು ಮಳೆ ಬಿದ್ದರೆ ಕಾಯಿ ಸೆಟ್ ಆಗ್ತದೆ" ಅನ್ನುತ್ತಿದ್ದರು. ಅದು ಮೊದಲನೇ ಸೆಟ್, ಗಿಡದಲ್ಲಿ ಗಟ್ಟಿಯಾಗಿ ಕೂರೋದು. ಸಂಜೆ ರಾಜಾಸೀಟ್‌ನಲ್ಲಿ ಸನ್‌ಸೆಟ್ ನೋಡುವಾಗ ನಗು ಬಂತು. ಸೀಟ್ ಪದವೂ ಅದೇ ಕುಟುಂಬ, ಸಂಸ್ಕೃತದ ಸದ್ ಧಾತುವಿನಿಂದ ಬಂದ ಸದನ, ಸಂಸತ್ತು ಕೂಡ ಇವಕ್ಕೆ ದೂರದ ನೆಂಟರು. ರಾಜ ಕೂತದ್ದೂ, ಸೂರ್ಯ ಕೂತದ್ದೂ ಒಂದೇ ಬೇರಿನ ಮೇಲೆ. ಪಕ್ಕದಲ್ಲಿದ್ದ ಹೆಂಡತಿಗೆ ಹೇಳಿದೆ. "ಸುಮ್ನೆ ಸೂರ್ಯನ್ನ ನೋಡಿ" ಅಂದಳು.

ದೋಸೆಗೆ 5ಕ್ಕೆ 4, ಲೆಕ್ಕಕ್ಕೆ 2. ಹತ್ತು ಗಂಟೆ ಒಳಗೆ ಹೋಗಿ, ಆಮೇಲೆ ಹಿಟ್ಟು ಖಾಲಿ.

ಸೋಮವಾರ ಮತ್ತೆ ಹೋದೆ, ಏನ್ಮಾಡೋದು, ಚಟ್ನಿ ಹಾಗಿತ್ತು. ಈ ಸಲ ಜಾಣತನ ಮಾಡಿ "ಒಂದೂವರೆ ಸೆಟ್" ಅಂದೆ. ಮೂರು ಬಂತು. ಬಿಲ್ಲಿನಲ್ಲಿ ಎರಡು ಸೆಟ್ ಅಂತ ಬರೆದಿತ್ತು.